ಮುದಿ ಕುದುರೆಯ ಪರ್ಗೊಲೈಡ್: ಗುಳಿಗೆ ಮತ್ತು ದ್ರಾವಣ

ವರ್ಜೀನಿಯಾದಲ್ಲಿ ನಾವು ಸಾಕಿರುವ, ಇಪ್ಪತ್ತು ವರ್ಷ ದಾಟಿದ ಮಾರ್ಗನ್ ತಳಿಯ ಹೆಣ್ಣುಕುದುರೆಗೆ ಕುಶಿಂಗ್ಸ್ ಎಂದೇ ಎಲ್ಲರೂ ಕರೆಯುವ ಪಿಟ್ಯುಟರಿ ಗ್ರಂಥಿಯ ಕಾಯಿಲೆಯೂ ಇನ್ಸುಲಿನ್ನಿನ ಏರುಪೇರೂ ಒಟ್ಟಿಗೇ ಇವೆ. ಮೊದಲನೆಯದಕ್ಕೆ ಕೊಡುವ ಪರ್ಗೊಲೈಡ್ ಔಷಧವನ್ನು ನಾನು ಎರಡು ರೂಪಗಳಲ್ಲಿ ಕೊಟ್ಟು ನೋಡಿದ್ದೇನೆ: ಪ್ರಾಸೆಂಡ್ ಹೆಸರಿನ 1 ಮಿಲಿಗ್ರಾಂ ಗುಳಿಗೆ ಒಂದು, ಪಶುವೈದ್ಯರ ಚೀಟಿಯ ಮೇರೆಗೆ ಔಷಧಾಲಯದಲ್ಲಿ ಬೆರೆಸಿ ಕೊಡುವ ದ್ರಾವಣ ಇನ್ನೊಂದು. ದ್ರಾವಣದ ಬೆಲೆ ಕಡಿಮೆಯಿದ್ದರೂ ನಾನು ಗುಳಿಗೆಗೇ ಮರಳಿದ್ದೇನೆ.

ದ್ರಾವಣದ ನಿಜವಾದ ತೊಡಕು ಅದನ್ನು ಕಾಪಾಡಿ ಇಡುವುದರಲ್ಲಿದೆ. ನೀರಿನಲ್ಲಿ ಬೆರೆತ ಪರ್ಗೊಲೈಡ್ ಬೆಳಕು ಮತ್ತು ಶಾಖ ತಗುಲಿದರೆ ಸತ್ವ ಕಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಗಾಢ ಬಣ್ಣದ ಸೀಸೆಯಲ್ಲಿ, ಫ್ರಿಜ್ಜಿನಲ್ಲಿ ಇಟ್ಟು, ತಯಾರಿಸಿದ 30 ದಿನಗಳೊಳಗೆ ಮುಗಿಸಬೇಕು, ಬಣ್ಣ ಬದಲಾದರೆ ಎಸೆಯಬೇಕು. ನಮ್ಮ ಲಾಯದಲ್ಲಿ ಫ್ರಿಜ್ ಇಲ್ಲ. ಸೀಸೆಯನ್ನು ಪ್ರತಿದಿನ ಮನೆಯಿಂದ ಮಂಜುಗಡ್ಡೆಯ ಚೀಲದಲ್ಲಿ ಒಯ್ದು, ಸಿರಿಂಜಿಗೆ ತುಂಬಿ, ಮತ್ತೆ ಮನೆಗೆ ತರಬೇಕಿತ್ತು. ಅಂಚೆಯಲ್ಲಿ ಬಂದ ಒಂದು ಸೀಸೆ ಜುಲೈ ತಿಂಗಳ ಬಿಸಿಲಲ್ಲಿ ಬಾಗಿಲ ಮುಂದೆ ಎಷ್ಟು ಹೊತ್ತು ಕುಳಿತಿತ್ತೋ, ತೆರೆದಾಗ ಅದರ ಬಣ್ಣವೇ ಬೇರೆಯಾಗಿತ್ತು.

ಬಣ್ಣ ಕೆಟ್ಟ ಸೀಸೆಯನ್ನು ಎಸೆದು ಹೊಸದು ತರಿಸಬಹುದು, ಆದರೆ ಬಣ್ಣ ಕೆಡದ ಸೀಸೆಯಲ್ಲೂ ಸತ್ವ ಎಷ್ಟು ಉಳಿದಿದೆ ಎಂಬುದನ್ನು ಲಾಯದಲ್ಲಿ ನಿಂತು ತಿಳಿಯುವ ದಾರಿಯಿಲ್ಲ. ಈ ಕಾಯಿಲೆಯಲ್ಲಿ ಅದು ಸಣ್ಣ ವಿಷಯವಲ್ಲ. ಉತ್ತರ ಗೋಳಾರ್ಧದಲ್ಲಿ ಸುಮಾರು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಆರೋಗ್ಯವಂತ ಕುದುರೆಗಳಲ್ಲೂ ಎಸಿಟಿಎಚ್ ಮಟ್ಟ, ಅಂದರೆ ಈ ಕಾಯಿಲೆಯನ್ನು ಅಳೆಯಲು ರಕ್ತದಲ್ಲಿ ನೋಡುವ ಪಿಟ್ಯುಟರಿ ಹಾರ್ಮೋನಿನ ಮಟ್ಟ, ಏರುತ್ತದೆ, ಕುಶಿಂಗ್ಸ್ ಇರುವ ಕುದುರೆಗಳಲ್ಲಿ ಇನ್ನೂ ಹೆಚ್ಚು ಏರುತ್ತದೆ. ಬೇಸಿಗೆಯ ಕೊನೆಯಲ್ಲಿ ನಮ್ಮ ಕುದುರೆ ಹೆಚ್ಚು ನೀರು ಕುಡಿಯತೊಡಗಿ, ರಕ್ತಪರೀಕ್ಷೆಯಲ್ಲೂ ಎಸಿಟಿಎಚ್ ಏರಿದ್ದು ಕಂಡಾಗ, ಇದು ಋತುವಿನ ಏರಿಕೆಯೋ, ಕಾಯಿಲೆ ಮುಂದುವರಿದ ಲಕ್ಷಣವೋ, ಸೀಸೆಯಲ್ಲಿನ ಔಷಧವೇ ದುರ್ಬಲವಾಗಿದೆಯೋ ಎಂದು ನಮ್ಮ ವೈದ್ಯರಿಗೂ ಹೇಳಲಾಗಲಿಲ್ಲ. ಲ್ಯಾಮಿನೈಟಿಸ್ ಎಂಬ ಗೊರಸಿನೊಳಗಿನ ನೋವಿನ ಉರಿಯೂತದಿಂದ ಒಮ್ಮೆ ನರಳಿದ ಗೊರಸುಗಳನ್ನು ನೋಡಿಕೊಳ್ಳುವವರಿಗೆ ಇಂತಹ ಅನಿಶ್ಚಯ ಸಹಿಸಲು ಬಹಳ ಕಷ್ಟ. ಗುಳಿಗೆಗೆ ಮರಳಿದ ಮೇಲೆ ಋತುವಿನ ಏರಿಳಿತವೇನೂ ತಪ್ಪಲಿಲ್ಲ, ಆದರೆ ಪ್ರಮಾಣವನ್ನು ಎಷ್ಟು ಹೆಚ್ಚಿಸಬೇಕೆಂದು ವೈದ್ಯರು ಧೈರ್ಯವಾಗಿ ನಿರ್ಧರಿಸುವಂತಾಯಿತು.

ಗುಳಿಗೆಯಲ್ಲಿ ತೊಂದರೆಯೇ ಇಲ್ಲವೆಂದಲ್ಲ. ಮೇವಿನಲ್ಲಿ ಬೆರೆಸಿದರೆ ನಮ್ಮ ಕುದುರೆ ತುಟಿಯಿಂದಲೇ ಅದನ್ನು ಬೇರ್ಪಡಿಸಿ ಬಿಟ್ಟುಬಿಡುತ್ತಾಳೆ. ಪುಡಿ ಮಾಡುವುದು ನಿಷಿದ್ಧ, ಏಕೆಂದರೆ ಆ ಪುಡಿ ಮನುಷ್ಯರ ಮೈ ಸೇರಬಾರದು. ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ಈ ಔಷಧ ಮುಟ್ಟುವಾಗ ಕೈಗವಸು ಹಾಕಿಕೊಳ್ಳಲೇಬೇಕು. ನಾನು ಗುಳಿಗೆಯನ್ನು ಸಿರಿಂಜಿನಲ್ಲಿ ತುಸು ನೀರಿನೊಂದಿಗೆ ಕರಗಿಸಿ ಆಗಲೇ ಬಾಯಿಗೆ ಹಾಕುತ್ತೇನೆ. ಕಾಕಂಬಿ ಬೆರೆಸಿದರೆ ಸುಲಭವಾಗಿ ನುಂಗುತ್ತಾಳೆ ನಿಜ, ಆದರೆ ಇನ್ಸುಲಿನ್ ಹದ ತಪ್ಪಿದ ಕುದುರೆಗೆ ಆ ಸಿಹಿ ಬೇಡ.

ಹಸಿವು ಕುಗ್ಗುವುದು ಎರಡು ರೂಪಗಳಲ್ಲೂ ಇದ್ದದ್ದೇ. ವೈದ್ಯರ ಸಲಹೆಯಂತೆ ಪ್ರಮಾಣವನ್ನು ಕೆಲವು ದಿನ ಅರ್ಧಕ್ಕಿಳಿಸಿ ನಿಧಾನವಾಗಿ ಏರಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ.

ಲಾಯದ ಗೆಳೆಯರು ಸೂಚಿಸಿದ ಚೇಸ್ಟ್‌ಬೆರಿ ಗಿಡಮೂಲಿಕೆಯನ್ನೂ ಕೊಟ್ಟು ನೋಡಿದೆವು. ರಕ್ತಪರೀಕ್ಷೆಯಲ್ಲಿ ಏನೂ ಬದಲಾಗಲಿಲ್ಲ.

ಯಾವ ಪರ್ಗೊಲೈಡ್ ಕೊಟ್ಟರೂ ಇನ್ಸುಲಿನ್ನಿನ ತೊಂದರೆಯನ್ನು ಮೇವಿನಿಂದಲೇ ನಿಯಂತ್ರಿಸಬೇಕು. ಒಣಹುಲ್ಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಸಕ್ಕರೆ ಮತ್ತು ಪಿಷ್ಟ ಸೇರಿ ಶೇಕಡ 10ರ ಆಸುಪಾಸಿನಲ್ಲಿದ್ದರೆ ಮಾತ್ರ ಹಾಗೆಯೇ ಹಾಕುತ್ತೇನೆ. ಹೆಚ್ಚಿದ್ದರೆ ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿ ಆ ನೀರನ್ನು ಚೆಲ್ಲುತ್ತೇನೆ. ಧಾನ್ಯ ಕೊಡುವುದನ್ನು ಪೂರ್ತಿ ನಿಲ್ಲಿಸಿದ್ದೇವೆ.

ನಾನು ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಲಾಯಕ್ಕೆ ಹೋಗುವವನು; ಊರಿಗೆ ಹೋದಾಗ ಔಷಧವನ್ನು ಪಕ್ಕದ ಲಾಯದವರೇ ಕೊಡಬೇಕು. ಅವರಿಗೆ ಗುಳಿಗೆಯ ಪಟ್ಟಿಯನ್ನು ಒಪ್ಪಿಸುವುದು ಸುಲಭ, ಫ್ರಿಜ್ಜಿನ ನಿಯಮಗಳನ್ನು ಒಪ್ಪಿಸುವುದು ಕಷ್ಟ. ಹೆಚ್ಚುವರಿ ಖರ್ಚನ್ನು ಸರಿತೂಗಿಸಲು ಈ ವರ್ಷ ಹೊಸ ಜೀನು ಕೊಳ್ಳುವುದನ್ನು ಬಿಟ್ಟಿದ್ದೇನೆ. ಅರ್ಧ ಗುಳಿಗೆಗಿಂತಲೂ ಕಡಿಮೆ ಪ್ರಮಾಣ ಬೇಕಾಗುವ ಪುಟ್ಟ ಪೋನಿಯಿದ್ದು, ಲಾಯದಲ್ಲೇ ಫ್ರಿಜ್ ಇದ್ದರೆ, ದ್ರಾವಣದ ಬಗ್ಗೆ ವೈದ್ಯರನ್ನು ಕೇಳಬಹುದು. ಸೀಸೆಯ ಮೇಲೆ ತಯಾರಾದ ದಿನಾಂಕ ಬರೆಯದಿದ್ದರೆ ಮಾತ್ರ ಕೊಳ್ಳಬೇಡಿ.