ಬೇವಿನೆಣ್ಣೆ, ಮೆಡಿಕಲ್ ಶಾಪಿನ ಔಷಧಿ, ಸೀರಣಿಗೆ: ಮಕ್ಕಳ ತಲೆಹೇನಿಗೆ ಮೂರನ್ನೂ ಹಚ್ಚಿ ನೋಡಿದೆ

ಶಾಲೆ ಶುರುವಾಗಿ 3 ವಾರ ಆಗಿತ್ತು. ದೊಡ್ಡ ಮಗಳಿಗೆ ಜಡೆ ಹಾಕುವಾಗ ಕಿವಿಯ ಹಿಂದೆ ಎಳ್ಳಿನ ಗಾತ್ರದ್ದೊಂದು ಸರಕ್ಕನೆ ಓಡಿತು. ಕೂದಲು ಬಿಡಿಸಿ ನೋಡಿದರೆ ಕತ್ತಿನ ಮೇಲೆ ಸೀರು, ಅಂದರೆ ಹೇನಿನ ಮೊಟ್ಟೆ, ಸಾಲುಸಾಲಾಗಿ ಅಂಟಿಕೊಂಡಿತ್ತು. ಚಿಕ್ಕವಳ ತಲೆಯಲ್ಲೂ ಅದೇ ಕಥೆ. ದೊಡ್ಡವಳಿಗೆ 9 ವರ್ಷ, ಸೊಂಟ ಮುಟ್ಟುವ ದಟ್ಟ ಕೂದಲು. ಚಿಕ್ಕವಳಿಗೆ 6, ಕತ್ತಿನವರೆಗಷ್ಟೇ ಕೂದಲು.

ಆಮೇಲಿನ ಎರಡು ತಿಂಗಳು ನಾನು ಒಂದಾದ ಮೇಲೆ ಒಂದು ದಾರಿ ಹಿಡಿದೆ. ಪ್ರತಿ ಸಲ ಬಾಚಿದಾಗ ಬಿಳಿ ಟವೆಲ್ ಮೇಲೆ ಬಿದ್ದ ಹೇನು ಎಣಿಸಿ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತಿದ್ದೆ. ಹಾಗೆ ಬರೆದಿದ್ದಕ್ಕೇ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಗೊತ್ತಾಯಿತು.

ಮೊದಲನೆಯದು ಬೇವಿನೆಣ್ಣೆ. "ನಮ್ಮ ಕಾಲದಲ್ಲಿ ಇನ್ನೇನಿತ್ತಮ್ಮ, ಇದನ್ನೇ ಹಚ್ಚುತ್ತಿದ್ದೆವು" ಎಂದರು ಅತ್ತೆ. ಕೊಬ್ಬರಿ ಎಣ್ಣೆಗೆ ಬೆರೆಸಿ ರಾತ್ರಿ ಹಚ್ಚಿ, ಹಳೇ ಬಟ್ಟೆ ಕಟ್ಟಿ ಮಲಗಿಸಿದೆ. ಬೆಳಿಗ್ಗೆ ಸೀಗೆಕಾಯಿ ಹಾಕಿ ತೊಳೆದು ಬಾಚಿದರೆ ದೊಡ್ಡವಳ ತಲೆಯಿಂದ 23 ಹೇನು ಬಿದ್ದವು. ಗೆದ್ದೆ ಅಂದುಕೊಂಡೆ. 4 ದಿನ ಬಿಟ್ಟು ಬಾಚಿದಾಗ ಮತ್ತೆ 11. ಮತ್ತೆ ಎಣ್ಣೆ, ಮತ್ತೆ ಬಾಚುವುದು. ವಾರದ ಕೊನೆಗೆ ಮರಿ ಹೇನುಗಳು ಬೀಳತೊಡಗಿದವು. ಎಣ್ಣೆಯಲ್ಲಿ ಹೇನು ಮಂಕಾಗುತ್ತದೆ, ಬಾಚಣಿಗೆ ಸಲೀಸಾಗಿ ಇಳಿಯುತ್ತದೆ, ಅದು ನಿಜ. ಆದರೆ ಸೀರಿಗೆ ಏನೂ ಆಗಿರಲಿಲ್ಲ. ವಾಸನೆಗೆ ದೊಡ್ಡವಳು ಸ್ಕೂಲಿಗೆ ಹೋಗಲು ಅಳುತ್ತಿದ್ದಳು. ಎರಡೂ ತಲೆಯಿಂದ ಎಣ್ಣೆ ಪೂರ್ತಿ ಬಿಡಿಸಲು ಮೂರು ಸಲ ತೊಳೆಯಬೇಕಾಯಿತು.

ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕು ಎಂದೂ ಅತ್ತೆ ಹೇಳಿದ್ದರು. ಅದನ್ನು ನಾನು ಒಪ್ಪಲಿಲ್ಲ. ಕರ್ಪೂರ ಚಿಕ್ಕ ಮಕ್ಕಳಿಗೆ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಕೈಯನ್ನು ತಲೆಗೂ ಬಾಯಿಗೂ ಹಾಕುವ ವಯಸ್ಸು ನನ್ನ ಚಿಕ್ಕವಳದು. ಪಕ್ಕದ ಮನೆಯವರು ಸೀತಾಫಲದ ಬೀಜ ಅರೆದು ತಂದುಕೊಟ್ಟರು. ಅದನ್ನೂ ಮುಟ್ಟಲಿಲ್ಲ. ಆ ಪುಡಿ ಹೇನನ್ನು ಕೊಲ್ಲಬಹುದು, ಆದರೆ ಕಣ್ಣಿಗೆ ಇಳಿದರೆ ಕರಿಗುಡ್ಡೆಯ ಮೇಲಿನ ಪೊರೆಯೇ ಸುಟ್ಟ ಹಾಗೆ ಆಗುತ್ತದೆ. ನಮ್ಮಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೀಗೆ ಬರುವವರಿದ್ದಾರೆ. ಸೀಮೆಎಣ್ಣೆಯ ಮಾತಂತೂ ಬೇಡವೇ ಬೇಡ.

ಎರಡನೆಯದು ಮೆಡಿಕಲ್ ಶಾಪಿನ ಔಷಧಿ, ಪರ್ಮೆಥ್ರಿನ್. ಇಲ್ಲಿ ಮೊದಲು ಒಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯಲ್ಲಿ "ಹೇನಿಗೆ ಪರ್ಮೆಥ್ರಿನ್ ಕೊಡಿ" ಎಂದು ಕೇಳಿದಾಗ 5% ಕ್ರೀಮ್ ಕೊಟ್ಟರು. ಅದು ಕಜ್ಜಿಗೆ ಹಚ್ಚುವುದು. ತಲೆಹೇನಿಗೆ ಬೇಕಿರುವುದು 1% ಲೋಷನ್. ಡಬ್ಬದ ಮೇಲೆ ಓದಿ ವಾಪಸ್ ಕೊಟ್ಟು ಬದಲಾಯಿಸಿಕೊಂಡೆ.

ಮೊದಲ ಸಲ ಅದನ್ನು ಹಚ್ಚಿದ್ದೇ ತಪ್ಪಾಗಿ. ಸಿಕ್ಕು ಬಿಡಲಿ ಎಂದು ಕಂಡೀಷನರ್ ಹಾಕಿ ತೊಳೆದು, ನೀರು ತೊಟ್ಟಿಕ್ಕುವ ಕೂದಲಿಗೆ ಲೋಷನ್ ಸುರಿದೆ. ಕಂಡೀಷನರ್ ಇದ್ದರೆ ಔಷಧಿ ಕೂದಲಿಗೆ ಹಿಡಿಯುವುದಿಲ್ಲ, ನೀರು ಜಾಸ್ತಿ ಇದ್ದರೆ ತೆಳುವಾಗಿಬಿಡುತ್ತದೆ. ಬರೀ ಶಾಂಪೂ ಹಾಕಿ ತೊಳೆದು, ಟವೆಲ್‌ನಿಂದ ಒರೆಸಿ, ಬುಡದಿಂದ ತುದಿವರೆಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕಿತ್ತು. ಮಗುವನ್ನು ಬಗ್ಗಿಸಿ ಬರೀ ತಲೆಯನ್ನು ತೊಳೆದರೆ ಔಷಧಿ ಮೈಮೇಲೆ ಹರಿಯುವುದಿಲ್ಲ. ಎರಡನೇ ಸಲ ಹಾಗೆ ಮಾಡಿದೆ. ಮರುದಿನ ಬಾಚಿದಾಗ ಬಿದ್ದದ್ದು 30ಕ್ಕೂ ಜಾಸ್ತಿ, ಬಹುತೇಕ ಎಲ್ಲವೂ ಸತ್ತಿದ್ದವು. ಒಂದೇ ದಿನದಲ್ಲಿ ಇಷ್ಟು ಕೆಲಸ ಬೇರೆ ಯಾವುದೂ ಮಾಡಲಿಲ್ಲ. ಮಕ್ಕಳು ರಾತ್ರಿ ಕೆರೆದುಕೊಳ್ಳದೆ ಮಲಗಿದರು. ನನಗೂ ಅವತ್ತು ನಿದ್ದೆ ಬಂತು.

ಆದರೆ ಎರಡು ವಾರಕ್ಕೆ ಹೇನು ಮತ್ತೆ ಬಂತು. ಈ ಔಷಧಿ ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಸೀರು ಒಡೆಯಲು 7ರಿಂದ 10 ದಿನ ಬೇಕು. ಅದಕ್ಕೇ 9ನೇ ದಿನದ ಹೊತ್ತಿಗೆ ಇನ್ನೊಂದು ಸಲ ಹಚ್ಚಬೇಕು. ನಾನು ತಲೆ ಶುಚಿಯಾಯಿತಲ್ಲ ಎಂದು ಸುಮ್ಮನಾಗಿದ್ದೆ. ಜೊತೆಗೆ ಚಿಕ್ಕವಳ ಕಿವಿಯ ಹಿಂದೆ ಕೆರೆದು ಕೆರೆದು ಹುಣ್ಣಾಗಿತ್ತು, ಅಲ್ಲಿ ಲೋಷನ್ ಉರಿಯಿತು. ಅವಳಿಗೆ ಮತ್ತೆ ಹಚ್ಚಲು ಮನಸ್ಸಾಗಲಿಲ್ಲ.

ಹಾಗಾಗಿ ಮೂರನೆಯದು, ಬರೀ ಸೀರಣಿಗೆ. ನಮ್ಮಜ್ಜಿಯ ಹತ್ತಿರ ಎರಡೂ ಕಡೆ ಹಲ್ಲಿದ್ದ ಮರದ ಸೀರಣಿಗೆ ಇತ್ತು. ಜಗಲಿ ಮೇಲೆ ಕೂರಿಸಿಕೊಂಡು ಬಾಚಿ, ಬಿದ್ದ ಹೇನನ್ನು ಉಗುರಲ್ಲಿ ಕುಕ್ಕುತ್ತಿದ್ದರು. ನಾನು ಮೊದಲು 20 ರೂಪಾಯಿಯ ಪ್ಲಾಸ್ಟಿಕ್ ಬಾಚಣಿಗೆ ತಂದೆ. ಅದರ ಹಲ್ಲು ಅಗಲವಾಗುತ್ತದೆ, ಹೇನಷ್ಟೇ ಬರುತ್ತದೆ, ಸೀರು ಉಳಿಯುತ್ತದೆ. ಆಮೇಲೆ ಉದ್ದ ಹಲ್ಲಿನ ಉಕ್ಕಿನದು ತಂದೆ. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಬೇರೆ ಯಾವುದಕ್ಕೆ ದುಡ್ಡು ಉಳಿಸಿದರೂ ಇದಕ್ಕೆ ಉಳಿಸಬೇಡಿ.

ಮಾಡಿದ್ದು ಹೀಗೆ. ತಲೆ ತೊಳೆದು, ಒದ್ದೆ ಕೂದಲಿಗೆ ಕೈತುಂಬ ಕಂಡೀಷನರ್ ಮೆತ್ತಿದೆ. ಒಣ ಕೂದಲಲ್ಲಿ ಹೇನು ಓಡಿ ತಪ್ಪಿಸಿಕೊಳ್ಳುತ್ತದೆ, ಒದ್ದೆಯಲ್ಲಿ ಅಲ್ಲೇ ನಿಲ್ಲುತ್ತದೆ. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿದೆ. ಆಮೇಲೆ ಕೂದಲನ್ನು ಸಣ್ಣ ಸಣ್ಣ ಎಳೆ ಮಾಡಿಕೊಂಡು, ಸೀರಣಿಗೆಯ ಹಲ್ಲು ತಲೆಯ ಚರ್ಮಕ್ಕೆ ತಾಗುವ ಹಾಗೆ ಇಟ್ಟು ತುದಿವರೆಗೆ ಎಳೆದೆ. ಪ್ರತಿ ಸಲ ಟವೆಲ್‌ಗೆ ಒರೆಸಿ ನೋಡಿದೆ. ಕಿವಿಯ ಹಿಂದೆ ಮತ್ತು ಕತ್ತಿನ ಮೇಲೆ ಎರಡೆರಡು ಸಲ. ಇದನ್ನೇ 1, 5, 9, 13ನೇ ದಿನ ಮಾಡಿದೆ. ಸೀರು ಒಡೆದು ಬಂದ ಮರಿ ಬೆಳೆದು ಮತ್ತೆ ಮೊಟ್ಟೆ ಇಡಲು ಒಂದು ವಾರಕ್ಕಿಂತ ಜಾಸ್ತಿ ಬೇಕು. 4 ದಿನಕ್ಕೊಮ್ಮೆ ಬಾಚಿದರೆ ಅದು ಬೆಳೆಯುವ ಮೊದಲೇ ಸಿಕ್ಕಿಬೀಳುತ್ತದೆ.

ಚಿಕ್ಕವಳ ಲೆಕ್ಕ: 14, 6, 2, 0. ಪ್ರತಿ ಸಲ 15 ನಿಮಿಷ, ಉರಿಯಿಲ್ಲ, ಅಳುವಿಲ್ಲ. ದೊಡ್ಡವಳಿಗೆ ಮಾತ್ರ ಇದು ಕಷ್ಟ. ಮುಂಚೆ ಒಂದು ಸಲ ಬಾಚಿ ನೋಡಿದಾಗ 50 ನಿಮಿಷ ಹಿಡಿಯಿತು, ಅರ್ಧಕ್ಕೇ "ಸಾಕಮ್ಮಾ" ಎಂದು ಎದ್ದುಬಿಟ್ಟಳು. ಆ ಕೂದಲಿಗೆ ನನ್ನ ಕೈಯೂ ಸೋತಿತು. ಹಾಗಾಗಿ ಅವಳಿಗೆ 1 ಮತ್ತು 9ನೇ ದಿನ ಲೋಷನ್, 5 ಮತ್ತು 13ನೇ ದಿನ ಸೀರಣಿಗೆ. 13ನೇ ದಿನ ಅವಳ ಟವೆಲ್ ಕೂಡ ಖಾಲಿ. ಲೋಷನ್ ಹಚ್ಚುವ ದಿನ ಕಂಡೀಷನರ್ ಮುಟ್ಟಿಸಲಿಲ್ಲ.

ನನ್ನ ಮಟ್ಟಿಗೆ ಗಿಡ್ಡ ಕೂದಲಿಗೆ, ಹುಣ್ಣಿರುವ ತಲೆಗೆ ಸೀರಣಿಗೆಯೇ ಸಾಕು. ದಟ್ಟ ಕೂದಲಿಗೆ ಎರಡೂ ಬೇಕು. ಬೇವಿನೆಣ್ಣೆಯನ್ನು ಈಗ ಮನೆಯಲ್ಲಿ ಹಚ್ಚುವುದಿಲ್ಲ. ಹುಣ್ಣು ಕೀವು ಕಟ್ಟಿದ್ದರೆ ಅಥವಾ ಮಗು ತೀರಾ ಚಿಕ್ಕದಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಹಾಸಿಗೆ, ದಿಂಬು ಎಲ್ಲ ಬಿಸಿಲಿಗೆ ಹಾಕಿ ನಾನು ಸುಮ್ನೆ ಸುಸ್ತಾದೆ. ತಲೆ ಬಿಟ್ಟ ಹೇನು ಒಂದೆರಡು ದಿನದಲ್ಲಿ ಸಾಯುತ್ತದೆ. ದಿಂಬಿನ ಕವರ್, ಬಾಚಣಿಗೆ, ರಿಬ್ಬನ್ ಬಿಸಿನೀರಲ್ಲಿ ತೊಳೆದರೆ ಸಾಕಿತ್ತು. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ, ತಲೆ ಶುಚಿಯಾಗಿದ್ದರೂ ಅಷ್ಟೇ. ಇದು ಗೊತ್ತಿಲ್ಲದೆ ಟೀಚರ್ ದೊಡ್ಡವಳನ್ನು ಕ್ಲಾಸಿನಲ್ಲಿ ಒಬ್ಬಳನ್ನೇ ಹಿಂದಿನ ಬೆಂಚಿಗೆ ಕೂರಿಸಿದ್ದರು. ಅವತ್ತು ಅವಳು ಮನೆಗೆ ಬಂದು ಊಟ ಮಾಡಲಿಲ್ಲ. ಹೇನು ಹೋದ ಮೇಲೂ ಕೂದಲಲ್ಲಿ ಬಿಳಿ ಚುಕ್ಕಿ ಕಂಡು ಮತ್ತೆ ಕರೆದು ಹೇಳಿದರು. ಅವು ಬುಡದಿಂದ 1 ಸೆಂಟಿಮೀಟರ್‌ಗಿಂತ ದೂರದಲ್ಲಿದ್ದ ಖಾಲಿ ಸಿಪ್ಪೆಗಳು. ಜೀವ ಇರುವ ಸೀರು ಬುಡಕ್ಕೆ ಹತ್ತಿರವೇ ಇರುತ್ತದೆ.

ಸ್ಕೂಲ್ ವ್ಯಾನಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯ ಅಮ್ಮನಿಗೆ ಫೋನ್ ಮಾಡಲು ನಾನು ಮೂರು ದಿನ ಹಿಂಜರಿದೆ. ಮಾಡಿದಾಗ ಆಕೆ, "ಅಯ್ಯೋ, ನಮ್ಮವಳಿಗೂ ಇದೆ ಕಣ್ರೀ, ನಿಮಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ" ಎಂದರು. ಮುಂದಿನ ಭಾನುವಾರ ಎರಡೂ ಮನೆಯಲ್ಲಿ ಒಂದೇ ದಿನ ಬಾಚಲು ಶುರು ಮಾಡಿದೆವು. ಆ ಭಾನುವಾರವೇ ನಮ್ಮ ಕ್ಯಾಲೆಂಡರಿನ 1ನೇ ದಿನ.