ಇಣುಕಿ ಹೋದವರು, ಮಾತಾಡಿಸಿದವರು: ಲಿಂಕ್ಡ್‌ಇನ್ ಪ್ರೊಫೈಲನ್ನು ಎರಡೆರಡು ಥರ ಬರೆದು ನೋಡಿದ್ದು

ಕೆಲಸ ಹುಡುಕುವವರೂ ಕೊಡುವವರೂ ಸೇರುವ ತಾಣ ಲಿಂಕ್ಡ್‌ಇನ್‌ನಲ್ಲಿ ನನ್ನ ಪ್ರೊಫೈಲಿಗೆ ಹತ್ತು ವರ್ಷ ತುಂಬಿತ್ತು. ಅಷ್ಟು ವರ್ಷಗಳಲ್ಲಿ ನಾನು ಅರ್ಜಿ ಹಾಕದೆ, ತಾವಾಗಿ ಹುಡುಕಿಕೊಂಡು ಬಂದು ಮಾತಾಡಿಸಿದ ರಿಕ್ರೂಟರ್‌ಗಳನ್ನು (ಕಂಪನಿಗಳಿಗೆ ಜನ ಹುಡುಕುವವರು) ಒಂದು ಕೈಬೆರಳಲ್ಲಿ ಎಣಿಸಬಹುದು. ಅವರಲ್ಲೂ ಒಬ್ಬರು ನನ್ನನ್ನು ಬೇರೆ ಯಾರೋ ಅಂದುಕೊಂಡಿದ್ದರು. ಹಾಗಾಗಿ ಐದಾರು ತಿಂಗಳು ಪಟ್ಟು ಹಿಡಿದು ಕೂತೆ. ಪ್ರೊಫೈಲಿನ ಒಂದೊಂದು ಭಾಗವನ್ನೂ ಎರಡು ಥರ ಬರೆದು, ತಲಾ ಎರಡು ವಾರ ಇಟ್ಟು ನೋಡಿದೆ. ಸಲಕ್ಕೆ ಒಂದೇ ಬದಲಾವಣೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳೋಕೆ ಆಗುವುದಿಲ್ಲ ಅನ್ನುವುದು ನಮ್ಮ ಕೆಲಸದ ಮೊದಲ ಪಾಠ.

ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆದೆ. ಹುಡುಕಾಟದಲ್ಲಿ ಎಷ್ಟು ಸಲ ಕಾಣಿಸಿದೆ, ಎಷ್ಟು ಜನ ಪ್ರೊಫೈಲ್ ತೆರೆದರು, ನನಗೆ ಹೊಂದುವ ಕೆಲಸ ಹಿಡಿದು ಎಷ್ಟು ಜನ ಮೆಸೇಜ್ ಮಾಡಿದರು. ಮೊದಲೆರಡನ್ನು ಲಿಂಕ್ಡ್‌ಇನ್ ತಾನೇ ತೋರಿಸುತ್ತದೆ. ಮೂರನೆಯದನ್ನು ನಾವೇ ಬರೆದಿಟ್ಟುಕೊಳ್ಳಬೇಕು. ಮೂರೂ ಜೊತೆಜೊತೆಗೆ ಏರುತ್ತವೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಎರಡನೇ ಕಲಂ ಕುಣಿದಾಡಿದ ವಾರಗಳಲ್ಲಿ ಮೂರನೆಯದು ಬಹುಪಾಲು ಖಾಲಿ ಇತ್ತು. ಇದು ಒಬ್ಬರ ಪ್ರೊಫೈಲ್, ಒಂದೇ ಥರದ ಕೆಲಸ. ಅಷ್ಟನ್ನು ನೆನಪಿಟ್ಟುಕೊಂಡು ಓದಿ.

ಹೆಡ್‌ಲೈನ್: ಚಂದದ್ದು ಮತ್ತು ಸಪ್ಪೆಯದು

ಹೆಸರಿನ ಕೆಳಗಿನ ಆ ಒಂದು ಸಾಲಿಗೆ 220 ಅಕ್ಷರಗಳ ಜಾಗ ಇದೆ. ನನ್ನ ಹಳೆಯ ಸಾಲು ಹೀಗಿತ್ತು: ‘ಪ್ಯಾಶನೇಟ್ ಕ್ವಾಲಿಟಿ ಎವಾಂಜಲಿಸ್ಟ್, ಲೈಫ್‌ಲಾಂಗ್ ಲರ್ನರ್’. ಬರೆದ ದಿನ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಹೊಸದು ಹೀಗೆ: ‘ಸೀನಿಯರ್ ಕ್ಯೂಎ ಇಂಜಿನಿಯರ್, ಟೆಸ್ಟ್ ಆಟೊಮೇಷನ್, ಸೆಲೆನಿಯಮ್, ಜಾವಾ, ಎಪಿಐ ಟೆಸ್ಟಿಂಗ್’. ನನ್ನ ಹುದ್ದೆ, ಬಲ್ಲ ಟೂಲ್ ಮತ್ತು ಸ್ಕಿಲ್‌ಗಳ ಹೆಸರು, ಅಷ್ಟೇ. ಓದಿದರೆ ದಿನಸಿ ಚೀಟಿ ಥರ ಇದೆ.

ಗೆದ್ದದ್ದು ಚೀಟಿಯೇ. ಅದೂ ಸಣ್ಣ ಅಂತರದಿಂದಲ್ಲ. ಕಾರಣ ಸರಳ. ರಿಕ್ರೂಟರ್ ಕೂತು ಟೈಪ್ ಮಾಡುವುದು ಹುದ್ದೆಯ ಹೆಸರು ಮತ್ತು ಒಂದೆರಡು ಸ್ಕಿಲ್. ‘ಎವಾಂಜಲಿಸ್ಟ್’ ಅಂತ ಹುಡುಕಿ ಟೆಸ್ಟರ್‌ನನ್ನು ಕರೆಯುವವರು ಯಾರೂ ಇಲ್ಲ. ಈ ಪದಗಳನ್ನು ನಾನು ತಲೆಯಿಂದ ತೆಗೆಯಲಿಲ್ಲ. ನನಗೆ ಸಿಕ್ಕರೆ ಸೇರುತ್ತೇನೆ ಅನ್ನಿಸುವ ಹತ್ತು ಕೆಲಸಗಳ ಜಾಹೀರಾತು ತೆರೆದು, ಮತ್ತೆ ಮತ್ತೆ ಬರುವ ಪದಗಳನ್ನು ಹಾಳೆಯ ಮೇಲೆ ಗೀಟು ಹಾಕಿ ಎಣಿಸಿದೆ. ಹತ್ತರಲ್ಲೂ ‘ಆಟೊಮೇಷನ್’ ಇತ್ತು. ‘ಪ್ಯಾಶನೇಟ್’ ಎರಡರಲ್ಲಿ ಇತ್ತು, ಆದರೆ ಅದು ಅವರು ತಮ್ಮ ಟೀಮಿನ ಬಗ್ಗೆ ಹೇಳಿಕೊಂಡದ್ದು! ಹುದ್ದೆಯ ಹೆಸರು ಸಾಲಿನ ಶುರುವಿನಲ್ಲೇ ಇರಲಿ. ಫೋನಿನ ಪರದೆಯಲ್ಲಿ ಉಳಿದದ್ದು ಕತ್ತರಿಸಿ ಹೋಗುತ್ತದೆ.

ಇದೇ ಮಾತು ಅನುಭವದ ಭಾಗಕ್ಕೂ ಸಲ್ಲುತ್ತದೆ. ಆಫೀಸಿನ ಕಾಗದಪತ್ರದಲ್ಲಿ ನನ್ನ ಹುದ್ದೆಗೆ ‘ಅಸೋಸಿಯೇಟ್ ಲೀಡ್, ಗ್ರೇಡ್ 2’ ಅಂತ ಹೆಸರು. ಆ ಗೋಡೆಯ ಆಚೆ ಅದಕ್ಕೆ ಅರ್ಥವೇ ಇಲ್ಲ. ಹೊರಗಿನವರಿಗೆ ತಿಳಿಯುವ ಹೆಸರನ್ನು ಮೇಲೆ ಹಾಕಿ, ಕಾಗದದ ಹೆಸರನ್ನು ವಿವರಣೆಯ ಮೊದಲ ಸಾಲಲ್ಲಿ ಬರೆದೆ. ಇಲ್ಲದ ಹುದ್ದೆ ಏರಿಸಿಕೊಳ್ಳಬೇಡಿ ಅಷ್ಟೇ. ಇರುವುದನ್ನು ನಾಲ್ಕು ಜನ ಕರೆಯುವ ಹೆಸರಲ್ಲಿ ಕರೆಯಿರಿ.

ಇಲ್ಲೇ ಒಂದು ಎಡವಟ್ಟು ಮಾಡಿಕೊಂಡೆ. ಹುದ್ದೆಯ ಹೆಸರು ಬದಲಿಸುವಾಗ, ಬದಲಾವಣೆಯನ್ನು ನಿಮ್ಮ ನೆಟ್‌ವರ್ಕಿಗೆ ತಿಳಿಸಬೇಕಾ ಅಂತ ಕೇಳುವ ಒಂದು ಸ್ವಿಚ್ ಇರುತ್ತದೆ. ನಾನು ನೋಡಲೇ ಇಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ‘ಕಂಗ್ರಾಟ್ಸ್’ ಮೆಸೇಜುಗಳ ಸಾಲು. ಕೆಲವರು ಕೇಕಿನ ಚಿತ್ರವನ್ನೂ ಕಳಿಸಿದ್ದರು. ಹತ್ತೂವರೆಗೆ ಮ್ಯಾನೇಜರ್ ಕರೆದು, ‘ಏನೋ ವಿಷಯ ಇದೆಯಂತೆ, ನನಗೇ ಹೇಳಿಲ್ಲವಲ್ಲ?’ ಅಂದರು. ಮೀಟಿಂಗ್ ರೂಮಿನಲ್ಲಿ ಕೂತು, ಇಲ್ಲ ಸರ್, ಸುಮ್ನೆ ಒಂದು ಪದ ತಿದ್ದಿದೆ ಅಷ್ಟೇ ಅಂತ ವಿವರಿಸಿದ್ದು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೊದಲು ಆ ಸ್ವಿಚ್ ಆಫ್ ಮಾಡಿ. ಮಿಕ್ಕಿದ್ದೆಲ್ಲ ಆಮೇಲೆ.

ಊರು

ಇದರಲ್ಲಿ ಹೋಲಿಕೆಗೆ ಹೆಚ್ಚು ಕೆಲಸವಿಲ್ಲ. ನನ್ನ ಪ್ರೊಫೈಲಿನಲ್ಲಿ ಮೂರು ವರ್ಷದ ಹಿಂದೆ ಬಿಟ್ಟು ಬಂದ ಊರೇ ಇತ್ತು. ರಿಕ್ರೂಟರ್‌ಗಳು ಊರು ಆರಿಸಿಕೊಂಡೇ ಹುಡುಕುವುದು ಸಾಮಾನ್ಯ. ಅಂದರೆ ಮೂರು ವರ್ಷ ನಾನು ಇಲ್ಲದ ಕಡೆ ಕಾಣಿಸಿಕೊಳ್ಳುತ್ತಿದ್ದೆ. ಬದಲಿಸಲು ಹಿಡಿದದ್ದು ಅರ್ಧ ನಿಮಿಷ. ಮೊದಲ ಕಲಂ ಆ ವಾರವೇ ಎದ್ದು ನಿಂತಿತು.

ಅಬೌಟ್: ನಾನು ಬರೆದದ್ದು ಮತ್ತು ಎಐ ಬರೆದದ್ದು

ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವ ಈ ಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದು. ಆದರೆ ಬಂದವರಿಗೆ ಕಾಣುವುದು ಮೊದಲ ಎರಡು ಮೂರು ಸಾಲು ಮಾತ್ರ. ಪೂರ್ತಿ ನೋಡಬೇಕಾದರೆ ‘ಸೀ ಮೋರ್’ ಒತ್ತಬೇಕು.

ಮೊದಲು ಒಂದು ಎಐ ಚಾಟ್‌ಬಾಟ್ ಕೈಲಿ ಬರೆಸಿದೆ. ರೆಸ್ಯೂಮೆ ಕೊಟ್ಟೆ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಪ್ಯಾರಾ ಬಂತು. ಒಂದು ವ್ಯಾಕರಣ ತಪ್ಪಿಲ್ಲ. ನಾನೇನೋ ದೊಡ್ಡ ಮನುಷ್ಯ ಅನ್ನಿಸಿತು. ಎರಡನೇ ವಾರ ಒಬ್ಬ ರಿಕ್ರೂಟರ್ ಫೋನ್ ಮಾಡಿದರು. ಮೂರನೇ ನಿಮಿಷಕ್ಕೆ ಕೇಳಿದರು: ‘ಕ್ವಾಲಿಟಿ ಸ್ಟ್ರಾಟಜಿಯನ್ನು ಎಂಡ್ ಟು ಎಂಡ್ ಲೀಡ್ ಮಾಡಿದ್ದೀರಿ ಅಂತಿದೆ. ಟೀಮಿನಲ್ಲಿ ಎಷ್ಟು ಜನ ಇದ್ದರು?’ ಎಷ್ಟು ಜನ? ನಾನು, ನನ್ನ ಲ್ಯಾಪ್‌ಟಾಪ್. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಮರ್ಯಾದೆಯಿಂದಲೇ ಫೋನ್ ಇಟ್ಟರು. ಆ ವಾಕ್ಯ ಅಲ್ಲಿರುವುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ ಅನ್ನುವುದು ನಿಜವಾದ ನಾಚಿಕೆ.

ಎರಡನೇ ಸಲ ನಾನೇ ಬರೆದೆ. ಶುರು ಹೀಗೆ: ‘ಬ್ಯಾಂಕಿಂಗ್ ಆ್ಯಪ್‌ಗಳನ್ನು ಪರೀಕ್ಷಿಸುತ್ತೇನೆ. ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ ಟೆಸ್ಟಿಂಗ್ ಈಗ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಅದರ ಸ್ಕ್ರಿಪ್ಟ್‌ಗಳನ್ನು ಬರೆದದ್ದು ನಾನು.’ (ರಿಗ್ರೆಷನ್ ಅಂದರೆ, ಹೊಸ ಬದಲಾವಣೆಯಿಂದ ಹಳೆಯದು ಏನಾದರೂ ಕೆಟ್ಟಿದೆಯಾ ಅಂತ ಮತ್ತೆ ಪರೀಕ್ಷಿಸುವುದು.) ಅದರ ಕೆಳಗೆ ಯಾವ್ಯಾವ ಟೂಲ್ ಬರುತ್ತದೆ, ಮುಂದೆ ಎಂಥ ಕೆಲಸ ಬೇಕು ಅಂತ ಎರಡೇ ಸಾಲು. ಪ್ರೊಫೈಲ್ ತೆರೆದವರ ಲೆಕ್ಕ ಎರಡೂ ಸಲ ಹೆಚ್ಚುಕಮ್ಮಿ ಅಷ್ಟೇ. ಬಂದ ಮೆಸೇಜುಗಳ ಧಾಟಿ ಮಾತ್ರ ಬೇರೆ. ‘ಆ ಮೂರು ಗಂಟೆಯ ಕಥೆ ಏನು?’ ಅಂತಲೇ ಮಾತು ಶುರು ಮಾಡಿದವರು ಇಬ್ಬರು. ಆ ಪ್ರಶ್ನೆಗೆ ನಾನು ನಿದ್ದೆಯಲ್ಲೂ ಉತ್ತರ ಹೇಳಬಲ್ಲೆ. ಈಗ ಎಐಗೆ ಕೊಡುವುದು ಕಾಗುಣಿತ ನೋಡುವ ಕೆಲಸ ಒಂದನ್ನೇ.

ಹಸಿರು ಚೌಕಟ್ಟು ಮತ್ತು ಗುಟ್ಟಿನ ಸೂಚನೆ

ಫೋಟೊ ಸುತ್ತ ‘ಓಪನ್ ಟು ವರ್ಕ್’, ಅಂದರೆ ಕೆಲಸ ಹುಡುಕುತ್ತಿದ್ದೇನೆ ಅನ್ನುವ ಹಸಿರು ಚೌಕಟ್ಟು 2020ರಲ್ಲಿ ಬಂತು. ಅದನ್ನು ಹಾಕಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ದಾರಿ, ಲಿಂಕ್ಡ್‌ಇನ್‌ನ ರಿಕ್ರೂಟರ್ ಟೂಲ್ ಬಳಸುವವರಿಗೆ ಮಾತ್ರ ಕಾಣುವ ಹಾಗೆ ಇಟ್ಟುಕೊಳ್ಳುವುದು.

ನಾನು ಎರಡೂ ಮಾಡಿದೆ. ನಿಜ ಹೇಳಬೇಕೆಂದರೆ, ಚೌಕಟ್ಟು ಹಾಕಲು ಧೈರ್ಯ ಬಂದದ್ದು ನಾನು ಕೆಲಸ ಬಿಡುವುದು ಟೀಮಿನವರಿಗೆಲ್ಲ ಹೇಗೂ ಗೊತ್ತಾದ ಮೇಲೆ. ಹಾಕಿದ ವಾರ ಎರಡನೇ ಕಲಂ ಹಿಂದೆಂದೂ ಕಾಣದಷ್ಟು ಏರಿತು. ಯಾರು ಬಂದವರು? ಕೋರ್ಸ್ ಮಾರುವವರು, ರೆಸ್ಯೂಮೆ ತಿದ್ದಿಕೊಡುತ್ತೇವೆ ಅನ್ನುವವರು, ಮನೆಯಲ್ಲೇ ಕೂತು ದುಡಿಯಿರಿ ಅನ್ನುವವರು. ಒಬ್ಬರಂತೂ ಕೆಲಸ ಗ್ಯಾರಂಟಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಅಂದರು. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಬ್ಲಾಕ್ ಮಾಡಿದೆ. ಹಾಗಂತ ಚೌಕಟ್ಟು ದಂಡ ಅನ್ನಲಾರೆ. ಹಳೆಯ ಸಹೋದ್ಯೋಗಿ ಒಬ್ಬರು ಅದನ್ನು ನೋಡಿಯೇ, ‘ನಮ್ಮಲ್ಲಿ ಒಂದು ಜಾಗ ಇದೆ, ನಿನ್ನ ಹೆಸರು ಹೇಳಲಾ?’ ಅಂತ ಕೇಳಿದರು. ಗುಟ್ಟಾಗಿ ಇಟ್ಟಿದ್ದರೆ ಅವರಿಗೆ ಹೇಗೆ ತಿಳಿಯಬೇಕು?

ಗುಟ್ಟಿನ ಸೂಚನೆ ಇಟ್ಟ ಎರಡು ವಾರ ಮನೆ ಶಾಂತ. ಬಂದವರು ಕಡಿಮೆ, ಬಂದವರೆಲ್ಲ ಕೆಲಸ ಇಟ್ಟುಕೊಂಡೇ ಬಂದವರು. ಈಗ ಕೆಲಸದಲ್ಲಿ ಇದ್ದೀರಿ ಅಂದರೆ ನಾನು ಹೇಳುವುದು ಇದನ್ನೇ. ಆದರೆ ಪೂರ್ತಿ ಗುಟ್ಟು ಅಂದುಕೊಳ್ಳಬೇಡಿ. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಂದ ಮರೆಮಾಡಲು ಪ್ರಯತ್ನಿಸುತ್ತೇವೆ, ಖಾತರಿ ಕೊಡಲಾರೆವು ಅಂತ ಲಿಂಕ್ಡ್‌ಇನ್ ತಾನೇ ಹೇಳುತ್ತದೆ. ಕೆಲಸ ಬಿಟ್ಟು ಕೂತಿದ್ದೀರಾ? ಆಗ ಚೌಕಟ್ಟು ಹಾಕಿ. ಅದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ. ಕಸ ಗುಡಿಸುವ ತಾಳ್ಮೆ ಒಂದು ಜೊತೆಗಿರಲಿ.

ದುಡ್ಡು ಕೊಟ್ಟದ್ದು ಮತ್ತು ಕೊಡದ್ದು

ಲಿಂಕ್ಡ್‌ಇನ್‌ಗೆ ದುಡ್ಡು ಕಟ್ಟಿ ಪಡೆಯುವ ಪ್ರೀಮಿಯಂ ಅನ್ನು ಒಂದು ತಿಂಗಳು ಪುಕ್ಕಟೆ ನೋಡಬಹುದು. ನೋಡಿದೆ. ಪ್ರೊಫೈಲ್ ತೆರೆದವರ ದೊಡ್ಡ ಪಟ್ಟಿ ಸಿಕ್ಕಿತು, ಪರಿಚಯವಿಲ್ಲದವರಿಗೆ ಕಳಿಸಲು ತಿಂಗಳಿಗೆ 5 ಇನ್‌ಮೇಲ್ ಸಿಕ್ಕವು. ಪಟ್ಟಿ ನೋಡುವುದು ಒಂಥರಾ ಚಟ. ದಿನಕ್ಕೆ ಹತ್ತು ಸಲ ತೆರೆಯುತ್ತಿದ್ದೆ. ಅದೂ ಪೂರ್ತಿಯಲ್ಲ, ಪ್ರೈವೇಟ್ ಮೋಡಿನಲ್ಲಿ ಬಂದವರ ಹೆಸರು ದುಡ್ಡು ಕೊಟ್ಟರೂ ಕಾಣುವುದಿಲ್ಲ. ಮೂರನೇ ಕಲಂ ಕದಲಲಿಲ್ಲ. ತಿಂಗಳು ಮುಗಿಯುವ ಮುಂಚೆ ರದ್ದು ಮಾಡಿದೆ. ನೀವೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಕಾರ್ಡಿನಿಂದ ತಾನಾಗಿ ಕಟ್ ಆಗುತ್ತದೆ.

ಪೋಸ್ಟ್ ಮತ್ತು ಕಾಮೆಂಟ್

ಎರಡು ವಾರ ದಿನಕ್ಕೊಂದು ಪೋಸ್ಟ್ ಹಾಕಿದೆ. ಸೋಮವಾರದ ಉತ್ಸಾಹ, ಸೋಲಿನಿಂದ ಕಲಿತದ್ದು, ಆ ಥರದ್ದು. ಲೈಕ್ ಒತ್ತಿದವರೆಲ್ಲ ನನ್ನ ಹಾಗೇ ಕೆಲಸ ಹುಡುಕುತ್ತಿದ್ದವರು, ಪಾಪ. ಮುಂದಿನ ಎರಡು ವಾರ ಪೋಸ್ಟ್ ಬಿಟ್ಟು, ಟೆಸ್ಟಿಂಗ್ ಬಗ್ಗೆ ಬೇರೆಯವರು ಕೇಳಿದ ಪ್ರಶ್ನೆಗಳಿಗೆ ಕಾಮೆಂಟಿನಲ್ಲಿ ಉತ್ತರ ಬರೆದೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಕಾಮೆಂಟಿನ ಜೊತೆ ಹೆಸರೂ ಹೆಡ್‌ಲೈನೂ ಕಾಣುತ್ತವೆ, ಆ ದಿನಸಿ ಚೀಟಿ ಅಲ್ಲೂ ಕೆಲಸ ಮಾಡಿತು. ಯಾವುದೋ ಕಂಪನಿಯ ಟೆಸ್ಟಿಂಗ್ ಮ್ಯಾನೇಜರ್ ಹೀಗೇ ಒಂದು ಉತ್ತರ ಓದಿ ಕನೆಕ್ಟ್ ಆದರು.

ಸ್ಕಿಲ್ ಪಟ್ಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 100ರವರೆಗೆ ಹಾಕಬಹುದು. ಹಾಗಂತ ‘ಎಂಎಸ್ ವರ್ಡ್’ ಯಾಕೆ? ಕೇಳಿದರೆ ಹತ್ತು ನಿಮಿಷ ಮಾತಾಡಬಲ್ಲ ಸ್ಕಿಲ್‌ಗಳನ್ನು ಇಟ್ಟುಕೊಂಡು ಮಿಕ್ಕಿದ್ದು ತೆಗೆದೆ. ಫೋಟೊಗೆ ಸ್ಟುಡಿಯೊ ಬೇಡ. ಕಿಟಕಿ ಎದುರು ನಿಂತು ಫೋನಿನಲ್ಲಿ ತೆಗೆಸಿದ್ದೇ ಚೆನ್ನಾಗಿತ್ತು. ಹಳೆಯ ಮದುವೆ ಫೋಟೊದಿಂದ ಕತ್ತರಿಸಿದ ಚಿತ್ರದಲ್ಲಿ ಯಾರದೋ ಭುಜ ಉಳಿದಿತ್ತು.

ಒಂದನ್ನು ಮಾತ್ರ ಸುಮ್ನೆ ತಮಾಷೆಗೆ ಮಾಡಿದ್ದೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲೂ ಇಲ್ಲ. ನಮ್ಮ ಹೆಸರನ್ನು ನಾವೇ ಉಚ್ಚರಿಸಿ, 10 ಸೆಕೆಂಡಿನೊಳಗೆ ರೆಕಾರ್ಡ್ ಮಾಡಿ ಪ್ರೊಫೈಲಿನಲ್ಲಿ ಇಡುವ ಸೌಲಭ್ಯ ಇದೆ. ಫೋನ್ ಆ್ಯಪಿನಲ್ಲಿ ಮಾಡಬೇಕು. ನನ್ನ ಹೆಸರಿನಲ್ಲಿ ಒಂದು ‘ಳ’ ಇದೆ, ಫೋನಿನಲ್ಲಿ ಅದನ್ನು ಸರಿಯಾಗಿ ಹೇಳಿದವರೇ ಇರಲಿಲ್ಲ. ಕೊನೆಗೆ ನಾನು ಸೇರಿದ ಕೆಲಸದ ರಿಕ್ರೂಟರ್ ಬೇರೆ ರಾಜ್ಯದವರು. ಮೊದಲ ಕರೆಯಲ್ಲಿ ನನ್ನ ಹೆಸರನ್ನು ನಿಧಾನಕ್ಕೆ, ‘ಳ’ ಸಮೇತ ಹೇಳಿ, ‘ಸರಿ ಇದೆಯಾ? ಮೂರು ಸಲ ಕೇಳಿಸಿಕೊಂಡೆ’ ಅಂದರು.