ಎಕ್ಸೆಲ್ ವಿಬಿಎ: ವೇರಿಯೆಂಟ್ ಸಾಕೇ, ಲಾಂಗ್ ಬೇಕೇ?

ಎಕ್ಸೆಲ್‌ನ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯಲ್ಲಿ, ವೇರಿಯಬಲ್ (ಮೌಲ್ಯ ಹಿಡಿದಿಡುವ ಹೆಸರು) ಘೋಷಿಸಲು ಬಗೆ ಹೇಳದೆ ‘ಡಿಮ್ ಮೊತ್ತ’ ಎಂದಷ್ಟೇ ಬರೆದರೆ ಅದು ವೇರಿಯೆಂಟ್ ಬಗೆಯದಾಗುತ್ತದೆ. ಅಂಕಿ, ಅಕ್ಷರ, ದಿನಾಂಕ, ಏನು ಹಾಕಿದರೂ ಹಿಡಿಸುತ್ತದೆ. ಇಡೀ ರೇಂಜಿನ (ಕೋಶಗಳ ಗುಂಪಿನ) ಮೌಲ್ಯಗಳನ್ನು ಒಂದೇ ಸಲಕ್ಕೆ ಎತ್ತಿಕೊಳ್ಳಲು ಅದೇ ಸರಿ. ಉಳಿದ ಕಡೆ ನಾನು ಅದನ್ನು ನಂಬುವುದಿಲ್ಲ. ಎರಡು ಕೋಶಗಳಲ್ಲಿ 5 ಮತ್ತು 7 ಪಠ್ಯವಾಗಿ ಕುಳಿತಿದ್ದರೆ, ವೇರಿಯೆಂಟ್‌ಗೆ ತೆಗೆದುಕೊಂಡು ‘+’ ಹಾಕಿ ಕೂಡಿಸಿದಾಗ ಅಕ್ಷರಗಳಂತೆ ಜೋಡಿಯಾಗಿ 57 ಬರುತ್ತದೆ! ಪೂರ್ಣಾಂಕದ ಬಗೆಯಾದ ಲಾಂಗ್ ಎಂದು ಘೋಷಿಸಿದ ವೇರಿಯಬಲ್‌ಗಳಿಗೆ ತೆಗೆದುಕೊಂಡರೆ 12.

ಪೂರ್ಣಾಂಕಕ್ಕೆ ಇಂಟಿಜರ್ ಎಂಬ ಇನ್ನೊಂದು ಬಗೆಯೂ ಇದೆ; ಇಂಟಿಜರೋ ಲಾಂಗೋ ಎಂಬ ಗೊಂದಲವಿದ್ದರೆ ಕಣ್ಣು ಮುಚ್ಚಿ ಲಾಂಗ್ ಆರಿಸಿಕೊಳ್ಳಿ. ಇಂಟಿಜರ್ 32,767ಕ್ಕೆ ಮುಗಿಯುತ್ತದೆ. ಲಾಂಗ್ 214 ಕೋಟಿ ದಾಟುತ್ತದೆ. ಎಕ್ಸೆಲ್ 2007ರಿಂದ ಹಾಳೆಯೊಂದರಲ್ಲಿ 10,48,576 ಸಾಲುಗಳಿವೆ. ನೂರು ಸಾಲಿನ ಪರೀಕ್ಷೆಯಲ್ಲಿ ಸರಾಗವಾಗಿ ಓಡಿದ ಇಂಟಿಜರ್ ಎಣಿಕೆ, ನಿಜವಾದ ಕಡತದ 32,768ನೇ ಸಾಲಿನಲ್ಲಿ ‘ಓವರ್‌ಫ್ಲೋ’ ಎಂದು ನಿಂತುಬಿಡುತ್ತದೆ.

ಹಣದ ಲೆಕ್ಕಕ್ಕೆ ದಶಾಂಶ ಸಂಖ್ಯೆಗಳ ಬಗೆಯಾದ ಡಬಲ್‌ಗಿಂತ ಕರೆನ್ಸಿ ಎಂಬ ಬಗೆ ಮೇಲು. ನಾಲ್ಕು ದಶಾಂಶ ಸ್ಥಾನಗಳವರೆಗೆ ಪೈಸೆ ತಪ್ಪುವುದಿಲ್ಲ.

ಇನ್ನೊಂದು ಮಾತು: ‘ಡಿಮ್ ಎ, ಬಿ ಆ್ಯಸ್ ಲಾಂಗ್’ ಎಂದು ಬರೆದರೆ ಬಿ ಮಾತ್ರ ಲಾಂಗ್; ಎ ವೇರಿಯೆಂಟಾಗಿಯೇ ಉಳಿಯುತ್ತದೆ. ಘೋಷಣೆ ಕಡ್ಡಾಯ ಮಾಡುವ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಕೂಡ ಇದನ್ನು ಹಿಡಿಯುವುದಿಲ್ಲ, ಘೋಷಿಸದ ಅಥವಾ ಕಾಗುಣಿತ ತಪ್ಪಿದ ಹೆಸರುಗಳನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಪ್ರತಿ ಹೆಸರಿನ ಮುಂದೆಯೂ ಬಗೆಯನ್ನು ಬರೆಯಿರಿ.